ಬೇಸಿಗೆ ಕಾಯಿಪಲ್ಲೆ ಊರುವ ಹೊತ್ತು ಯಾವುದು?

ಭತ್ತ ಒಕ್ಕಿ, ಗೋವಿನಜೋಳದ ತೆನೆ ಮುರಿದು, ಸಂಕ್ರಾಂತಿಯ ಎಳ್ಳು-ಬೆಲ್ಲ ಮುಗಿಯುವ ಹೊತ್ತಿಗೆ ಹಾನಗಲ್ಲ ತಾಲೂಕಿನ ಆಡೂರಿನಂಥ ಊರುಗಳಲ್ಲಿ ಬೋರ್‌ವೆಲ್ ಇದ್ದ ರೈತರಿಗೆಲ್ಲ ಒಂದೇ ಯೋಚನೆ. ಖಾಲಿ ಬಿದ್ದ ಹೊಲಕ್ಕೆ ಬೆಂಡಿ, ಸೌತಿ, ಹೀರಿ, ಚವಳಿ, ಮೆಣಸಿನಕಾಯಿ ಹಾಕುವುದೇನೋ ಖರೆ, ಹಾಕುವುದು ಯಾವಾಗ? ಮುಂಗಾರಿನಲ್ಲಿ ಈ ತೊಡಕಿಲ್ಲ. ರೋಹಿಣಿ ಹನಿದರೆ ಹರಗುತ್ತಾರೆ, ಮಿರಗ ಸುರಿದರೆ ಕೂರಿಗೆ ಕಟ್ಟುತ್ತಾರೆ. ಬೇಸಿಗೆ ಬೆಳೆಗೆ ನೀರು ನಮ್ಮದೇ ಬೋರಿನದು. ಮುಗಿಲು ಅಪ್ಪಣೆ ಕೊಡುವುದಿಲ್ಲ, ರೈತನೇ ನಿರ್ಣಯ ಮಾಡಬೇಕು. ಆ ನಿರ್ಣಯಕ್ಕೆ ಅಡ್ಡ ನಿಲ್ಲುವುದು ಮಾಗಿಯ ಚಳಿ.

ಮೀಮಾಂಸಕರು ಒಂದು ಅಧಿಕರಣವನ್ನು ಕಟ್ಟುವಾಗ ವಿಷಯವನ್ನಿಟ್ಟು, ಸಂಶಯ ಹೇಳಿ, ಎದುರು ಪಕ್ಷಕ್ಕೆ ಅದರ ಪೂರ್ತಿ ಬಲ ಕೊಟ್ಟು ಮಂಡಿಸಿ, ಆಮೇಲೆ ಸಿದ್ಧಾಂತಕ್ಕೆ ಬರುತ್ತಿದ್ದರು. ಈ ಪ್ರಶ್ನೆಗೂ ಅದೇ ದಾರಿ ಯೋಗ್ಯ. ಸಂಶಯ ಇಷ್ಟು: ಬೀಜ ಊರುವ ಹೊತ್ತನ್ನು ಹಬ್ಬ ಹೇಳಬೇಕೋ, ಪೇಟೆ ಹೇಳಬೇಕೋ, ಮಣ್ಣು ಹೇಳಬೇಕೋ? ಬೆಳಗಿನ ಮಣ್ಣಿನ ಕಾವೇ ಪ್ರಮಾಣ, ಅದೂ ಬೆಳೆಗೊಂದರಂತೆ ಬೇರೆ ಬೇರೆ ಎಂಬುದು ನನ್ನ ಪಕ್ಷ. ಹಬ್ಬ ಮತ್ತು ಪೇಟೆ ಎರಡಕ್ಕೂ ಇದರಲ್ಲಿ ಜಾಗ ಇದೆ, ಆದರೆ ಕೊನೆಯ ಮಾತು ಅವುಗಳದ್ದಲ್ಲ.

ಮಣ್ಣೇ ಏಕೆ? ಮೊಳಕೆಯೊಡೆಯುವ ಬೀಜಕ್ಕೆ ಮೇಲಿನ ಗಾಳಿ ಗೊತ್ತಿಲ್ಲ. ಅದು ಮಲಗಿರುವುದು ಒಂದಿಂಚು, ಎರಡಿಂಚು ಕೆಳಗೆ. ಹಸಿ ಹೀರಿದ ಮೇಲೆ ಅದರೊಳಗಿನ ಕೆಲಸ ಎಷ್ಟು ಬೇಗ ನಡೆಯುತ್ತದೆ ಎನ್ನುವುದು ಅಲ್ಲಿನ ಕಾವಿನ ಮೇಲೆ ನಿಂತಿದೆ. ಒಂದೇ ಸಮ ಕಾವಿನಲ್ಲಿಟ್ಟು ನೋಡಿದ ಪ್ರಯೋಗಗಳ ಲೆಕ್ಕ ತೋಟಗಾರಿಕೆ ಪುಸ್ತಕಗಳಲ್ಲಿ ಬಹಳ ಕಾಲದಿಂದ ಇದೆ. ಬೆಂಡಿ ಬೀಜ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಏಳು ದಿನಕ್ಕೆ ಏಳುತ್ತದೆ, 20 ಡಿಗ್ರಿಗೆ ಹದಿನೇಳು ದಿನ ಬೇಕು, 15ಕ್ಕೆ ಇಳಿದರೆ ಇಪ್ಪತ್ತೇಳು ದಿನ. ಸೌತಿ 25ರಲ್ಲಿ ನಾಲ್ಕು ದಿನದ್ದು, 15ರಲ್ಲಿ ಹದಿಮೂರು. ಮೆಣಸಿನಕಾಯಿ 25ರಲ್ಲಿ ಎಂಟು ದಿನ, 15ರಲ್ಲಿ ಇಪ್ಪತ್ತೈದು. ಆದರೆ ಉಳ್ಳಾಗಡ್ಡಿ 15 ಡಿಗ್ರಿಯಲ್ಲೂ ಏಳೇ ದಿನಕ್ಕೆ ಮೊಳಕೆ ಹಾಕುತ್ತದೆ, ಗಜ್ಜರಿ ಹತ್ತು ದಿನಕ್ಕೆ. ಬೆಂಡಿ ನರಳುವ ಮಣ್ಣಿನಲ್ಲಿ ಉಳ್ಳಾಗಡ್ಡಿ ಆರಾಮಾಗಿ ಏಳುತ್ತದೆ ಎಂದಮೇಲೆ ‘ಕಾಯಿಪಲ್ಲೆ ಹಾಕುವ ದಿನ’ ಎಂಬ ಒಂದೇ ದಿನ ಎಲ್ಲಿಂದ ಬರಬೇಕು?

ಈಗ ಮೊದಲ ಪೂರ್ವಪಕ್ಷ, ಹಿರಿಯರದು. ಸಂಕ್ರಾಂತಿಗೆ ಸೂರ್ಯ ತಿರುಗುತ್ತಾನೆ, ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಓಡಿಹೋಗುತ್ತದೆ. ಇಷ್ಟು ಸ್ಪಷ್ಟ ಗುರುತುಗಳಿರುವಾಗ ಬೇರೆ ಪ್ರಮಾಣ ಯಾಕೆ ಬೇಕು? ಇದು ತಲೆಮಾರುಗಳ ಅನುಭವದ ಮಾತು, ಅಗ್ಗದಲ್ಲಿ ತಳ್ಳುವಂಥದ್ದಲ್ಲ. ಆದರೆ ಗುರುತು ಬೇರೆ, ಕಾರಣ ಬೇರೆ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೇ. ಸಂಕ್ರಾಂತಿ ಬರುವುದು ಅದಾಗಿ ಮೂರು ವಾರಕ್ಕೆ, ಅದೂ ನಿಂತ ದಿನವಲ್ಲ. ವಿವೇಕಾನಂದರು ಹುಟ್ಟಿದ 1863ರ ಸಂಕ್ರಾಂತಿ ಜನವರಿ 12ಕ್ಕಿತ್ತು, ಈಗ 14-15ಕ್ಕೆ ಸರಿದಿದೆ. ಇಷ್ಟು ಸಣ್ಣ ಸರಿತವನ್ನು ಬಿಟ್ಟುಬಿಡಬಹುದು. ಶಿವರಾತ್ರಿಯ ಸಂಗತಿ ಹಾಗಲ್ಲ. ಅದು ಮಾಘ ಬಹುಳ ಚತುರ್ದಶಿ, ಚಂದ್ರನ ಲೆಕ್ಕ. 2024ರಲ್ಲಿ ಮಾರ್ಚ್ 8ಕ್ಕೆ ಬಂತು, 2025ರಲ್ಲಿ ಫೆಬ್ರುವರಿ 26ಕ್ಕೆ, 2026ರಲ್ಲಿ ಫೆಬ್ರುವರಿ 15ಕ್ಕೆ. ಅಧಿಕ ಮಾಸ ಬಂದರೆ ಹಬ್ಬ ಮುಂದೆ ಹೋಗುತ್ತದೆ, ಚಳಿ ಅಧಿಕ ಮಾಸವನ್ನು ಕಾಯುವುದಿಲ್ಲ. ಶಿವರಾತ್ರಿಯನ್ನೇ ನಂಬಿ ಕುಳಿತವನು 2024ರಲ್ಲಿ ತಡವಾಗಿ ಬೀಜ ಊರುತ್ತಾನೆ, 2026ರಲ್ಲಿ ಅದೇ ನಂಬಿಕೆಯಿಂದ ಅದಕ್ಕಿಂತ ಮೂರು ವಾರ ಮೊದಲು.

ನಮ್ಮ ಹಿರಿಯರೇ ಇದಕ್ಕೆ ಉತ್ತರ ಇಟ್ಟುಹೋಗಿದ್ದಾರೆ. ಮಳೆಯನ್ನು ಅವರು ತಿಥಿಯಿಂದ ಎಣಿಸಲಿಲ್ಲ, ಸೂರ್ಯ ನಿಂತ ನಕ್ಷತ್ರದಿಂದ ಎಣಿಸಿದರು. ರೋಹಿಣಿ ಮೇ 25ರ ಸುಮಾರಿಗೆ, ಮೃಗಶಿರ ಜೂನ್ 8ರ ಸುಮಾರಿಗೆ, ವರ್ಷ ವರ್ಷವೂ ಅದೇ ಆಸುಪಾಸು. ಬಿತ್ತನೆಗೆ ಸೂರ್ಯನ ಪಂಚಾಂಗ, ಹಬ್ಬಕ್ಕೆ ಚಂದ್ರನ ಪಂಚಾಂಗ ಎಂಬ ವಿವೇಕ ಮುಂಗಾರಿನಲ್ಲಿ ಇತ್ತು. ಬೋರ್‌ವೆಲ್‌ನಿಂದ ಹಬ್ಬಿದ ಬೇಸಿಗೆ ಬೆಳೆಗೆ ಆ ವಿವೇಕವನ್ನು ನಾವು ಇನ್ನೂ ಮುಂದುವರಿಸಿಲ್ಲ. ಹೊರಗಿನವರಿಗೂ ಈ ತೊಡಕು ತಪ್ಪಿಲ್ಲ. ಜರ್ಮನಿಯ ತೋಟಗಾರರು ಮೇ 11ರಿಂದ 15ರವರೆಗಿನ ‘ಹಿಮದ ಸಂತರ’ ದಿನಗಳು ಕಳೆಯದೆ ಎಳೆ ಸಸಿ ಹೊರಗೆ ನೆಡುವುದಿಲ್ಲ. 1582ರಲ್ಲಿ ಪೋಪ್ ಗ್ರೆಗರಿ ಪಂಚಾಂಗದಿಂದ ಹತ್ತು ದಿನ ತೆಗೆದಾಗ ಸಂತರ ದಿನಗಳು ಋತುವಿನಲ್ಲಿ ಹತ್ತು ದಿನ ಹಿಂದೆ ಬಂದವು. ಇಬ್ಬನಿ ಹೆಪ್ಪುಗಟ್ಟುವ ರಾತ್ರಿಗಳು ಇದ್ದಲ್ಲೇ ಉಳಿದವು.

ಎರಡನೆಯ ಆಕ್ಷೇಪ ಹೊಲದ ಬದುವಿನ ಮೇಲೆ ಕೇಳಿಬರುವಂಥದ್ದು: “ಇದೇನ್ ಹಿಮಾಲಯ ಅಲ್ಲ ಬಿಡ್ರಿ ಅಣ್ಣಾರ, ಬೀಜ ಹೆಂಗೂ ಹುಟ್ಟತಾವ, ನಾಕ್ ದಿನ ತಡಾ ಅಷ್ಟ.” ನಮ್ಮಲ್ಲಿ ಹಿಮ ಬೀಳುವುದಿಲ್ಲ ಎನ್ನುವುದು ನಿಜ. ಜನವರಿಯ ಬೆಳಗಿನ ಜಾವ 15 ಡಿಗ್ರಿಯ ಆಸುಪಾಸಿಗೆ ಇಳಿದು, ಮಧ್ಯಾಹ್ನ ಮತ್ತೆ 30ಕ್ಕೆ ಏರುವ ಸೀಮೆ ಇದು. ಆದರೆ ತಡ ಬರೀ ತಡವಾಗಿ ಉಳಿಯುವುದಿಲ್ಲ. ಚಳಿಯಲ್ಲಿ ಊರಿದ ಬೆಂಡಿ ಸಾಲನ್ನು ಹತ್ತನೆಯ ದಿನ ಬೆರಳಿನಿಂದ ಕೆದರಿ ನೋಡಿ. ಕೆಲವು ಬೀಜ ಉಬ್ಬಿ ಸುಮ್ಮನೆ ಕೂತಿರುತ್ತವೆ. ಕೆಲವನ್ನು ಹಿಸುಕಿದರೆ ಒಳಗಿಂದ ಬೂದುಬಣ್ಣದ ಲೋಳೆ ಬರುತ್ತದೆ, ಹುಳಿ ವಾಸನೆ. ಇನ್ನು ಕೆಲವು ಬೇರು ಬಿಟ್ಟಿವೆ, ಬೇರಿನ ತುದಿ ಕಂದಾಗಿದೆ. ಬೀಜ ಬೆಳೆಯದ ಕಾವಿನಲ್ಲೂ ಮಣ್ಣಿನ ಬೂಸ್ಟು ಬೆಳೆಯುತ್ತದೆ, ಹಸಿ ಹೆಚ್ಚಿದ್ದರೆ ಇನ್ನೂ ಜೋರು. ಹೇಗೋ ಎದ್ದ ಸಸಿಯ ಬುಡ ಕೊಳೆತು ಬೀಳುವುದೂ ಇದೇ ಕಾರಣಕ್ಕೆ. ಸಾಲಿನ ತುಂಬ ಖಾಲಿ ಜಾಗ ಬಿದ್ದು ಮತ್ತೆ ಬೀಜ ಊರಿದರೆ ಹೊಲದಲ್ಲಿ ಎರಡು ವಯಸ್ಸಿನ ಗಿಡ ನಿಲ್ಲುತ್ತವೆ. ಔಷಧಿ, ಗೊಬ್ಬರ, ಕೊಯ್ಲು ಯಾವುದೂ ಒಂದು ಹದಕ್ಕೆ ಬರುವುದಿಲ್ಲ. ಹೈಬ್ರಿಡ್ ಬೀಜದ ಬೆಲೆ ಕೊಟ್ಟವರಿಗೆ ಈ ನಷ್ಟ ಗೊತ್ತು. ರಾಣೇಬೆನ್ನೂರು, ಹಿರೇಕೆರೂರು ಕಡೆ ಕಂಪನಿಗಳಿಗೆ ಬೀಜೋತ್ಪಾದನೆ ಮಾಡುವವರಿಗಂತೂ ಇನ್ನೂ ಹೆಚ್ಚು ಗೊತ್ತು. ಗಂಡು ಸಾಲು, ಹೆಣ್ಣು ಸಾಲು ಒಂದೇ ಹೊತ್ತಿಗೆ ಹೂ ಬಿಡದಿದ್ದರೆ ಅಲ್ಲಿ ಕ್ರಾಸಿಂಗೇ ಇಲ್ಲ.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿ. ಪೇಟೆಗೆ ಮೊದಲು ಹೋದ ಬುಟ್ಟಿಗೆ ಬೆಲೆ ಹೆಚ್ಚು. ಶಿವರಾತ್ರಿಯ ಉಪವಾಸಕ್ಕೆ, ಯುಗಾದಿಗೆ ಸೌತಿಕಾಯಿ ಬೇಕು. ಸಾಲದ ಬಡ್ಡಿ ಮಣ್ಣಿನ ಕಾವನ್ನು ಕೇಳಿ ನಿಲ್ಲುವುದಿಲ್ಲ. ಮೇಲಾಗಿ ತಡ ಮಾಡಿದರೆ ಏಪ್ರಿಲ್‌ನ ಬಿಸಿಲು ಕಾದಿದೆ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ತಣಿಯದಿದ್ದರೆ ಟೊಮ್ಯಾಟೊ, ಮೆಣಸಿನಕಾಯಿಯ ಹೂ ಉದುರುತ್ತದೆ. ಬಿಸಿಲು ಏರಿದಂತೆ ಬಿಳಿನೊಣ ಏರಿ ಬೆಂಡಿಗೆ ಹಳದಿ ನಂಜು ತರುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಅರ್ಕಾ ಅನಾಮಿಕ ತಳಿ ತಂದದ್ದೇ ಈ ರೋಗಕ್ಕೆ ಎದುರು ನಿಲ್ಲಲೆಂದು. ಬೋರಿನ ನೀರೂ ಅಷ್ಟೊತ್ತಿಗೆ ಇಳಿದಿರುತ್ತದೆ. ಈ ಪಕ್ಷ ಹೇಳುವುದರಲ್ಲಿ ಮುಕ್ಕಾಲು ಪಾಲನ್ನು ನಾನು ಒಪ್ಪುತ್ತೇನೆ. ತಡಕ್ಕೂ ದಂಡವಿದೆ. 2023ರ ಫೆಬ್ರುವರಿಯ ಹಗಲಿನ ಸರಾಸರಿ ಉಷ್ಣತೆ ದೇಶದ ಮಟ್ಟದಲ್ಲಿ 1901ರಿಂದೀಚೆಗಿನ ಎಲ್ಲ ಫೆಬ್ರುವರಿಗಳಿಗಿಂತ ಹೆಚ್ಚಾಗಿತ್ತು. ಅಂಥ ವರ್ಷ ಮಾರ್ಚ್‌ವರೆಗೆ ಕಾದವನು ಬೆಳೆಯ ಒಳ್ಳೆಯ ದಿನಗಳನ್ನೇ ಕೈಬಿಟ್ಟಂತೆ.

ಒಪ್ಪದ ಕಾಲುಭಾಗ ಇಷ್ಟೇ: ಬೇಗ ಊರಿದ್ದು ಬೇಗ ಬರುತ್ತದೆ ಎಂಬುದು. ಜನವರಿ ಮಧ್ಯದಲ್ಲಿ ತಣ್ಣನೆ ಮಣ್ಣಿಗೆ ಬಿದ್ದ ಬೆಂಡಿ ಮೂರು ವಾರ ಮಲಗಿ ಎದ್ದರೆ, ಫೆಬ್ರುವರಿ ಮೊದಲ ವಾರದಲ್ಲಿ ಬಿದ್ದದ್ದು ವಾರ-ಹತ್ತು ದಿನಕ್ಕೆ ಎದ್ದು ಅದರ ಬೆನ್ನಿಗೇ ಬಂದು ನಿಲ್ಲುತ್ತದೆ, ಅದೂ ಗಟ್ಟಿ ಬೇರಿನೊಂದಿಗೆ. ಬೇಗ ಬೇಕಿದ್ದವರಿಗೆ ದಾರಿ ಬೇರೆಯೇ ಇದೆ. ಮೆಣಸಿನಕಾಯಿ, ಟೊಮ್ಯಾಟೊ, ಬದನಿಯನ್ನು ಹೊಲದ ಚಳಿಗೆ ಒಡ್ಡದೆ ಟ್ರೇಯಲ್ಲೋ ಮಡಿಯಲ್ಲೋ ಎಬ್ಬಿಸಿ, ರಾತ್ರಿ ಹುಲ್ಲು ಇಲ್ಲವೇ ಹಾಳೆ ಹೊದಿಸಬಹುದು. ಮೆಣಸಿನ ಅಗಿಗೆ ಹೇಗೂ ಐದಾರು ವಾರ ಬೇಕು, ಅದು ಹಚ್ಚಲು ಬರುವ ಹೊತ್ತಿಗೆ ಮಣ್ಣೂ ಕಾದಿರುತ್ತದೆ. ಸೌತಿ, ಹೀರಿ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿಟ್ಟು, ಬಿಳಿ ಮೊಳಕೆ ಇಣುಕಿದ ಮೇಲೆ ಊರಿದರೆ ಅರ್ಧ ದಾರಿ ಮುಗಿದಂತೆಯೇ. ಪೂರ್ವ-ಪಶ್ಚಿಮ ಬೋದು ಏರಿಸಿ ದಕ್ಷಿಣದ ಮಗ್ಗುಲಿಗೆ, ಒಂದಿಂಚಿಗಿಂತ ಆಳವಿಲ್ಲದಂತೆ ಊರಿದರೆ ಚಳಿಗಾಲದ ಓರೆ ಬಿಸಿಲು ನೇರವಾಗಿ ಬೀಜದ ಮೇಲಿನ ಮಣ್ಣಿಗೆ ಬೀಳುತ್ತದೆ. ಇನ್ನು ಮೂಲಂಗಿ, ಮೆಂತೆ, ಕೊತ್ತಂಬರಿ, ಉಳ್ಳಾಗಡ್ಡಿ, ಗಜ್ಜರಿಗೆ ಈ ಚಳಿ ಕೇಡಲ್ಲ, ಹದ. ರೊಕ್ಕ ಬೇಗ ಕಾಣಬೇಕಿದ್ದರೆ ಜನವರಿಯಲ್ಲಿ ಅವನ್ನೇ ಹಾಕಬೇಕು.

ಕೊನೆಯ ಆಕ್ಷೇಪ: ಥರ್ಮಾಮೀಟರ್ ಪ್ರಯೋಗಶಾಲೆಯ ಸಾಮಾನು, ಒಂದೇ ಊರಿನಲ್ಲಿ ಹೊಲಕ್ಕೊಂದು ಗುಣ, ಯಾವ ಸಂಖ್ಯೆ ನಂಬುವುದು? ಹೊಲಕ್ಕೊಂದು ಗುಣ ಇರುವುದರಿಂದಲೇ ಅಳೆಯಬೇಕು. ಮಲೆನಾಡಿನ ಸೆರಗು ಬಯಲುಸೀಮೆಗೆ ತಾಗುವ ಈ ಪಟ್ಟಿಯಲ್ಲಿ ಒಂದೇ ಬದುವಿನ ಆಚೆ ಮಸಾರಿ, ಈಚೆ ಎರೆ ಇರುತ್ತದೆ. ನೀರು ಹಿಡಿದಿಟ್ಟ ಎರೆ ಮಣ್ಣು ನಿಧಾನ ಕಾಯುತ್ತದೆ, ಮಸಾರಿ ಬೇಗ. ತ್ರೀ ಫೇಸ್ ಕರೆಂಟು ರಾತ್ರಿ ಬಂತೆಂದು ರಾತ್ರಿಯೇ ನೀರು ಹಾಯಿಸಿದ ಹೊಲ ಬೆಳಗ್ಗೆ ಪಕ್ಕದ ಹೊಲಕ್ಕಿಂತ ತಣ್ಣಗಿರಬಹುದು. ಇದನ್ನು ಯಾವ ಪಂಚಾಂಗವೂ ಹೇಳಲಾರದು. ಹವಾಮಾನ ಇಲಾಖೆ ಮಂಗಳವಾರ, ಶುಕ್ರವಾರ ಕೊಡುವ ಜಿಲ್ಲಾ ಕೃಷಿ ಸಲಹೆಯೂ ಹೊಲದ ಮಟ್ಟಕ್ಕೆ ಇಳಿಯುವುದಿಲ್ಲ. ಆದರೆ ಮುಂದಿನ ಐದು ದಿನ ಚಳಿ ಮರಳುತ್ತದೋ ಇಲ್ಲವೋ ಎಂಬುದಕ್ಕೆ ಅದನ್ನು ನೋಡಲೇಬೇಕು. ‘ಮೇಘದೂತ್’ ಆ್ಯಪ್‌ನಲ್ಲಿ ಅದು ಕನ್ನಡದಲ್ಲೇ ಸಿಗುತ್ತದೆ. ಅಳತೆಯ ಸಾಮಾನಿಲ್ಲದವರು ಸಂಕ್ರಾಂತಿಯಿಂದಾಚೆ ವಾರಕ್ಕೊಮ್ಮೆ ಹೊಲದ ಮೂಲೆಯಲ್ಲಿ ರಾತ್ರಿ ನೆನೆಸಿದ ಹತ್ತು ಬೆಂಡಿ ಬೀಜ ಊರಿ ನೋಡಲಿ. ಎಂಟು-ಹತ್ತು ದಿನದೊಳಗೆ ಹೆಚ್ಚಿನವು ತಲೆ ಎತ್ತಿದರೆ ಮಣ್ಣು ಒಪ್ಪಿದೆ ಎಂದರ್ಥ.

ಹಾಗಾದರೆ ನಿರ್ಣಯ. ಸಂಕ್ರಾಂತಿ ಮುಗಿದ ಮೇಲೆ ಮಣ್ಣು ನೋಡಲು ಶುರು ಮಾಡಬೇಕು, ಬೀಜ ಊರಲು ಅಲ್ಲ. ಬೆಳಗ್ಗೆ 7 ಗಂಟೆಗೆ ಎರಡಿಂಚು ಆಳದಲ್ಲಿ ಮೂರು ದಿನ ಸತತ 18 ಡಿಗ್ರಿ ತೋರಿಸಿ, ಮುಂದಿನ ಐದು ದಿನಕ್ಕೆ ಚಳಿಯ ಸೂಚನೆ ಇಲ್ಲದಿದ್ದರೆ ಬೆಂಡಿ, ಸೌತಿ, ಹೀರಿ, ಚವಳಿಗೆ ಹೊತ್ತು ಬಂತು, ಶಿವರಾತ್ರಿ ಇನ್ನೂ ಎಷ್ಟೇ ದೂರವಿರಲಿ. 18 ಮುಟ್ಟದಿದ್ದರೆ ಪಕ್ಕದ ಹೊಲದವರು ಊರಿ ಮುಗಿಸಿದ್ದರೂ ಕಾಯಬೇಕು. ಒಂದು ಥರ್ಮಾಮೀಟರ್‌ಗೆ ಕೆಲವು ನೂರು ರೂಪಾಯಿ ಆಗುತ್ತದೆ. ಓಣಿಗೊಂದು ಇಟ್ಟುಕೊಂಡು ಈ ಜನವರಿಯಿಂದಲೇ ಎರೆಯದ್ದೊಂದು, ಮಸಾರಿಯದ್ದೊಂದು ಲೆಕ್ಕ ಗೋಡೆಯ ಕ್ಯಾಲೆಂಡರ್‌ನಲ್ಲೇ ಬರೆದಿಡಿ.