ಹಿನ್ನೆಲೆಯಲ್ಲಿ ಉಳಿದವರು

ಮೈಸೂರಿನ ಒಂಟಿಕೊಪ್ಪಲಿನಿಂದ ಹುಣಸೂರು ರಸ್ತೆಯ ಕಡೆಗೆ ಹೊರಟರೆ, ಪ್ರೀಮಿಯರ್ ಸ್ಟುಡಿಯೋ ಇದ್ದ ಜಾಗ ಬಹಳ ದೂರವಿಲ್ಲ. ಈಗ ಸ್ಟುಡಿಯೋ ಇಲ್ಲ. 1989ರ ಫೆಬ್ರವರಿ 8ರಂದು ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಚಿತ್ರೀಕರಣದ ವೇಳೆ ಅಲ್ಲಿ ಬೆಂಕಿ ಬಿದ್ದು 62 ಮಂದಿ ಸತ್ತರು. ಮರುವರ್ಷ ಧಾರಾವಾಹಿ ದೂರದರ್ಶನದಲ್ಲಿ ಬಂತು. ಅದಕ್ಕೆ ಸಂಗೀತ ನೀಡಿದವರು ನೌಷಾದ್.

1919ರಲ್ಲಿ ಲಕ್ನೋದಲ್ಲಿ ಹುಟ್ಟಿದ ನೌಷಾದ್, ಮನೆಯವರ ವಿರೋಧವನ್ನು ಕಟ್ಟಿಕೊಂಡು ಸಂಗೀತಕ್ಕಾಗಿ ಮುಂಬಯಿ ಸೇರಿದವರು. ಅವರ ಮದುವೆಯ ದಿನ ಬ್ಯಾಂಡಿನವರು ‘ರತನ್’ (1944) ಚಿತ್ರದ ಅವರದೇ ಹಾಡು ನುಡಿಸುತ್ತಿದ್ದರಂತೆ. ಆದರೆ ಹೆಣ್ಣಿನ ಮನೆಯವರಿಗೆ ವರ ದರ್ಜಿಯೆಂದು ಹೇಳಲಾಗಿತ್ತು! ಮುಂದೆ ‘ಬೈಜು ಬಾವ್ರಾ’ (1952), ‘ಮೊಘಲ್-ಎ-ಆಝಂ’ (1960) ಬಂದವು. ಮಾಲಕೌಂಸ್ ರಾಗದ ಹರಿಭಜನೆಯೊಂದನ್ನು ಶಕೀಲ್ ಬದಾಯೂನಿ ಬರೆದರು, ನೌಷಾದ್ ರಾಗ ಹಾಕಿದರು, ಮುಹಮ್ಮದ್ ರಫಿ ಹಾಡಿದರು. 1981ರ ಫಾಲ್ಕೆ ಪ್ರಶಸ್ತಿಯೂ ನೌಷಾದರಿಗೆ ಸಂದಿತು. 2006ರಲ್ಲಿ ಅವರು ತೀರಿಕೊಂಡಾಗ ದೇಶವೇ ಸ್ಮರಿಸಿತು.

ಹಾಡನ್ನು ನಾವು ಗುನುಗುತ್ತೇವೆ. ಹಿನ್ನೆಲೆ ಸಂಗೀತವನ್ನು ಯಾರು ಗುನುಗುತ್ತಾರೆ? ತಾನು ಮರೆಗೆ ಸರಿದು ದೃಶ್ಯವನ್ನು ಮುಂದೆ ತರುವುದೇ ಅದರ ಕೆಲಸ. ಎಲ್ಲಿ ಸುಮ್ಮನಿರಬೇಕೆಂಬುದನ್ನೂ ಸಂಯೋಜಕ ಅರಿತಿರಬೇಕು. ಇದರಲ್ಲೊಂದು ವಿನಯವಿದೆ. ಅದನ್ನು ನಾವು ಮೆಚ್ಚಬೇಕು.

ಆದರೆ ತಾನಾಗಿಯೇ ಹಿಂದೆ ನಿಲ್ಲುವುದು ಬೇರೆ, ಹಿಂದಕ್ಕೆ ತಳ್ಳಲ್ಪಡುವುದು ಬೇರೆ. ಮರೆಯಲ್ಲಿದ್ದರೂ ಸಂಯೋಜಕನ ಹೆಸರು ಪರದೆಯ ಮೇಲೆ ಬರುತ್ತದೆ. ಆ ದಿನ ಬೆಂದುಹೋದವರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಸದ್ದು ಅಡಗಿಸಲು ಗೋಡೆಗೆ ಹೊದಿಸಿದ್ದ ಗೋಣಿತಾಟುಗಳೇ ಬೆಂಕಿಯನ್ನು ಹಬ್ಬಿಸಿದವು. ಗಾಳಿಯಾಡಲು ಸರಿಯಾದ ಕಿಂಡಿಗಳಿರಲಿಲ್ಲ. ನಮ್ಮ ಕಿವಿಗೆ ಮಾತು ಸ್ಪಷ್ಟವಾಗಿ ಕೇಳಲೆಂದು ಮಾಡಿದ ಏರ್ಪಾಡೇ ಕೆಲಸಗಾರರ ಪ್ರಾಣಕ್ಕೆ ಎರವಾಯಿತು.

ಧಾರಾವಾಹಿಯ ಬಗ್ಗೆ ದೇಶದಲ್ಲಿ ದೊಡ್ಡ ವಾಗ್ವಾದವೇ ನಡೆಯಿತು. ಇದು ಚರಿತ್ರೆಯೇ, ಕಲ್ಪನೆಯೇ ಎಂಬ ಜಗಳದಿಂದಾಗಿ ಕಂತುಗಳ ಜೊತೆಗೆ ಒಂದು ಸೂಚನೆಯನ್ನೂ ತೋರಿಸಬೇಕಾಯಿತು. ವಿರೋಧಿಸಿದವರು ಟಿಪ್ಪುವನ್ನು ವಿರೋಧಿಸಿದರು. ಮೆಚ್ಚಿದ ನಾವು ಟಿಪ್ಪುವನ್ನೂ ನೌಷಾದರನ್ನೂ ನಮ್ಮವರೆಂದು ಹೆಮ್ಮೆಪಟ್ಟೆವು. ದೊರೆಯ ಗೌರವಕ್ಕಾಗಿ ಎರಡೂ ಕಡೆಯವರು ಕಾದಾಡುತ್ತಿದ್ದಾಗ, ಅವನ ಕಥೆಗಾಗಿ ಸತ್ತ ಕೂಲಿಯವರು ಯಾರ ಕಡೆಯವರೂ ಆಗಲಿಲ್ಲ.

ಕೆಲಸಗಾರನ ಬೆವರು ಆರುವ ಮುನ್ನವೇ ಕೂಲಿ ಕೊಡಬೇಕೆಂಬ ಪ್ರವಾದಿಯವರ(ಸ) ಬೋಧನೆಯನ್ನು ನಾವು ವೇದಿಕೆಗಳಲ್ಲಿ ಮತ್ತೆ ಮತ್ತೆ ಹೇಳುತ್ತೇವೆ. ಪ್ರಾಣವನ್ನೇ ತೆತ್ತವನ ಬಾಕಿಯನ್ನು ಯಾರು ತೀರಿಸಬೇಕು? ನಿರ್ಮಾಪಕರೂ ಸರ್ಕಾರವೂ ಮಾತ್ರವೇ? ಮನೆಯಲ್ಲಿ ಕುಳಿತು ನೋಡಿ ಆನಂದಿಸಿದವರ ಪಾಲು ಅದರಲ್ಲಿ ಇಲ್ಲವೇ?

ಹಾಗೆಂದು ಆ ಸಂಗೀತವನ್ನು ಕೇಳಬಾರದೆಂದು ನಾವು ಹೇಳುತ್ತಿಲ್ಲ. ನೌಷಾದರ ಮೇಲೆ ಹೊರಿಸುವ ತಪ್ಪೂ ಇಲ್ಲ. ಆದರೆ ಕಲೆಯನ್ನು ಮೆಚ್ಚುವಾಗ ಅದನ್ನು ಹೊತ್ತವರ ಬೆನ್ನನ್ನೂ ನೋಡಬೇಕು. ಇಂದಿನ ಚಿತ್ರೀಕರಣಗಳಲ್ಲಿ ಲೈಟು ಹಿಡಿಯುವವನಿಗೆ ಹೊರಬರುವ ಬಾಗಿಲು ಇದೆಯೇ ಎಂದು ಕೇಳಬೇಕು. ಸತ್ತವರಿಗೆ ನಾವು ತೋರಬಹುದಾದ ಗೌರವ ಬದುಕಿರುವವರ ಪ್ರಾಣ ಉಳಿಸುವುದರಲ್ಲಿದೆ.