ಇಂದಿನ ಧಮ್ಮ ಚಿಂತನೆ: ಕೆಡಿಸಿದ್ದು ಯಾರು?



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಧಮ್ಮ ಬಂಧುಗಳೇ,

ನಮ್ಮ ಬಳಗದ ಇಬ್ಬರು ಉಪಾಸಕರ ನಡುವೆ ಮೂರು ವಾರ ಮಾತು ನಿಂತಿತ್ತು. ಕಾರಣ ಒಂದು ಹಳೆಯ ಕೀಬೋರ್ಡ್. ಇಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಜಗಳೂರಿನವರು ಭೀಮ ಜಯಂತಿಯ ಹಾಡುಗಳಿಗೆ ನುಡಿಸುತ್ತಿದ್ದ ವಾದ್ಯ ಅದು. ಕಾರ್ಗ್ ಪಾಲಿಸಿಕ್ಸ್ ಸಿಂಥಸೈಜರ್, 1981ರಲ್ಲಿ ಬಂದ ಮಾದರಿ. ನುಡಿಸುವವರು ಹೊಂದಿಸಿದ 32 ಧ್ವನಿಗಳನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಕರೆಂಟ್ ಇಲ್ಲದಾಗ ಆ ನೆನಪನ್ನು ಕಾಯುವುದು ಒಳಗಿನ ಬೋರ್ಡಿನ ಮೇಲಿರುವ ಚಿಕ್ಕ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ. ಹಳೆಯ ಬ್ಯಾಟರಿ ಯಾವಾಗ ಕೈಕೊಡುತ್ತದೋ ಎಂದು ಹೊನ್ನಾಳಿಯ ಮಿತ್ರರಿಂದ ಹೊಸದು ಹಾಕಿಸಿದರು. ಮನೆಗೆ ಒಯ್ದು ಆನ್ ಮಾಡಿದರೆ, ಗುಂಡಿ ಒತ್ತಿದರೂ ದೀಪ ಬೆಳಗಲಿಲ್ಲ, ಬೇಕಾದ ಧ್ವನಿ ಬರಲಿಲ್ಲ.

"ಚೆನ್ನಾಗಿದ್ದುದನ್ನು ನೀನೇ ಕೆಡಿಸಿದೆ" ಎಂದರು ಒಬ್ಬರು. "ಧೂಳು ಹಿಡಿಸಿ ಇಟ್ಟವನು ನೀನು" ಎಂದರು ಮತ್ತೊಬ್ಬರು.

ಆಮೇಲೊಂದು ಭಾನುವಾರ ನಮ್ಮ ಓದಿನಲ್ಲಿ ಸಂಯುತ್ತ ನಿಕಾಯದ ಮೋಲಿಯಫಗ್ಗುನನ ಪ್ರಸಂಗ ಬಂತು. ಅನುಭವಿಸುವವರು ಯಾರು, ಬಯಸುವವರು ಯಾರು ಎಂದು ಆ ಭಿಕ್ಕು ಕೇಳುತ್ತಾನೆ. ಭಗವಾನರು ಉತ್ತರ ಕೊಡುವ ಬದಲು ಪ್ರಶ್ನೆಯನ್ನೇ ತಿದ್ದುತ್ತಾರೆ. 'ಯಾರು' ಎನ್ನಬೇಡ, 'ಯಾವುದರಿಂದ' ಎಂದು ಕೇಳು ಎನ್ನುವುದು ಅವರ ಬೋಧನೆಯ ಸಾರ. ಸ್ಪರ್ಶದಿಂದ ವೇದನೆ, ವೇದನೆಯಿಂದ ತಣ್ಹಾ. ಇದೇ ಪಟಿಚ್ಚಸಮುಪ್ಪಾದ.

ಮರುದಿನ ಇಬ್ಬರೂ ಒಂದೇ ಮೇಜಿಗೆ ಕುಳಿತರು. ಹೊಸ ಬ್ಯಾಟರಿ ಅಳೆದರು: 3.6 ವೋಲ್ಟ್, ಸರಿಯಿತ್ತು. ಭೂತಗನ್ನಡಿ ಹಿಡಿದು ನೋಡಿದಾಗ ಅದರ ಸುತ್ತ ಕಿಲುಬು ಕಂಡಿತು. ಹಳೆಯ ಬ್ಯಾಟರಿ ವರ್ಷಗಟ್ಟಲೆ ಸೋರಿ, ಅದರ ಕ್ಷಾರ ತಾಮ್ರದ ತೆಳು ಗೆರೆಗಳನ್ನು ತಿಂದಿತ್ತು. ಈ ಮಾದರಿಯ ಬೋರ್ಡಿಗೆ ಇದು ಎಲ್ಲೆಡೆ ಬರುವ ಕಾಯಿಲೆ. ಬೆಸುಗೆಯ ಬಿಸಿಗೆ ಉಳಿದ ಎಳೆಯೂ ಕಡಿದಿತ್ತು.

ಪ್ಲಗ್ ಕಿತ್ತು, ಬ್ಯಾಟರಿ ತೆಗೆದು, ಹತ್ತಿಯಲ್ಲಿ ವಿನೆಗರ್ ಅದ್ದಿ ಒರೆಸಿ ಕ್ಷಾರದ ಕಾಟ ಕಳೆದರು. ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಶುಚಿಮಾಡಿ ಒಣಗಿಸಿದರು. ಒಬ್ಬರು ನಕ್ಷೆ ನೋಡಿ ಹೇಳಿದರು, ಇನ್ನೊಬ್ಬರು ಮಲ್ಟಿಮೀಟರ್ ಹಿಡಿದರು. ಬೀಪ್ ಬಂದರೆ ಗೆರೆ ಕೂಡಿದೆ, ಬಾರದಿದ್ದರೆ ಕಡಿದಿದೆ. ಕಡಿದ ಕಡೆಯೆಲ್ಲ ತೆಳು ತಂತಿ ಬೆಸೆದರು. ಬ್ಯಾಟರಿ ಮತ್ತೆ ಕೂಡಿಸಿದರು. ದೀಪ ಬೆಳಗಿತು.

ಹಾಗಾದರೆ ಕೆಡಿಸಿದ್ದು ಯಾರು? ಕ್ಷಾರ, ಕಾಲ, ಅಲಕ್ಷ್ಯ, ಬೆಸುಗೆಯ ಬಿಸಿ, ಎಲ್ಲ ಕೂಡಿ ಆದದ್ದು. ಯಾರಿಗೂ ಹೊಣೆಯಿಲ್ಲ ಎಂದು ಇದರ ಅರ್ಥವಲ್ಲ. "ಆತುರದಲ್ಲಿ ಬೋರ್ಡ್ ಸರಿಯಾಗಿ ನೋಡಲಿಲ್ಲ" ಎಂದರು ಹೊನ್ನಾಳಿಯವರು. "ಹತ್ತು ವರ್ಷದಲ್ಲಿ ಒಮ್ಮೆಯೂ ತೆರೆಸಲಿಲ್ಲ" ಎಂದರು ಜಗಳೂರಿನವರು. 'ಯಾರು' ಎಂದು ಕೇಳುವಾಗ ಇಬ್ಬರೂ ತಮ್ಮ ಪಾಲನ್ನು ಮುಚ್ಚಿಟ್ಟಿದ್ದರು. 'ಯಾವುದರಿಂದ' ಎಂದಾಗ ಒಪ್ಪಿಕೊಳ್ಳುವುದು ಹಗುರವಾಯಿತು.

ಆ 32 ಧ್ವನಿಗಳು ಮಾತ್ರ ಮರಳಲಿಲ್ಲ. ಹಳೆಯ ಬ್ಯಾಟರಿ ತೆಗೆದ ಗಳಿಗೆಯಲ್ಲೇ ಅವು ಹೋಗಿದ್ದವು. ಕ್ಯಾಸೆಟ್ಟಿಗೆ ನಕಲು ಮಾಡಿಡುವ ಅನುಕೂಲ ವಾದ್ಯದಲ್ಲೇ ಇತ್ತು, ಇಬ್ಬರಿಗೂ ನೆನಪಾಗಿರಲಿಲ್ಲ. ಅವುಗಳಲ್ಲೊಂದು, ತೀರಿಕೊಂಡ ಅಣ್ಣ ಹೊಂದಿಸಿದ್ದ ಕೊಳಲಿನಂಥ ಧ್ವನಿ. ಜಗಳೂರಿನವರ ಕಣ್ಣು ತುಂಬಿತು. ಕಾರಣ ತಿಳಿದ ಮಾತ್ರಕ್ಕೆ ಹೋದದ್ದೆಲ್ಲ ಬರುವುದಿಲ್ಲ. ಅನಿಚ್ಚ. ಅವರು ನೆನಪಿನಿಂದ ಒಂದೊಂದೇ ಗುಂಡಿ ತಿರುಗಿಸುತ್ತಾ ಹೋದರು. ಪಕ್ಕದಲ್ಲಿ ಕುಳಿತ ಹೊನ್ನಾಳಿಯವರು "ಇನ್ನೂ ಸ್ವಲ್ಪ ಮೃದು" ಎನ್ನುತ್ತಿದ್ದರು. ಅದೇ ಧ್ವನಿ ಬರಲಿಲ್ಲ, ಹತ್ತಿರದ್ದು ಬಂತು. ಮಾತೂ ಮರಳಿ ಬಂತು.

ಇಂದಿನ ಅಭ್ಯಾಸ: ಇಂದು ಬೋರ್‌ವೆಲ್ ಮೋಟಾರೋ ಮನೆಯ ಮಾತೋ ಕೆಟ್ಟಾಗ 'ಯಾರು' ಎಂಬ ಪ್ರಶ್ನೆ ನಾಲಿಗೆಗೆ ಬಂದರೆ ಮೂರು ಉಸಿರು ತಡೆಯಿರಿ. 'ಯಾವುದರಿಂದ' ಎಂದು ಕೇಳಿ. ನಿಮ್ಮ ಪಾಲು ಕಂಡರೆ ಮೊದಲು ಅದನ್ನೇ ಹೇಳಿ.

ಎಲ್ಲರಿಗೂ ಮಂಗಳವಾಗಲಿ.
ಸಾಧು, ಸಾಧು, ಸಾಧು.