ಏಳು ಗಂಟೆಯ ಸೈರನ್

ಹೈದರಾಬಾದಿನ ಅಮೀರ್‌ಪೇಟ್‌ನಲ್ಲಿ ಮೆಟ್ರೊ ಇಳಿದು ಮೈತ್ರಿವನಂ ಕಡೆಗೆ ನಡೆದರೆ ಜಾವಾ, ಪೈಥಾನ್, ಒರಾಕಲ್ ಎಂಬ ಬೋರ್ಡುಗಳು ಒಂದರ ಮೇಲೊಂದು. ಬೀದರ್, ಕಲಬುರಗಿ, ರಾಯಚೂರು ಕಡೆಯ ಎಷ್ಟೋ ಹುಡುಗರು ಇಲ್ಲಿನ ಹಾಸ್ಟೆಲುಗಳಲ್ಲಿದ್ದು ಕೋರ್ಸು ಮುಗಿಸಿ ಕೆಲಸ ಹಿಡಿದಿದ್ದಾರೆ. ಇಂಥ ಕಡೆ ಕಂಪ್ಯೂಟರ್ ಅಂದರೆ ಅನ್ನದ ದಾರಿ. ಹಾಗಾಗಿ ಹದಿನೈದರ ಮಗ ಅದರ ಮುಂದೆ ಕೂತಿದ್ದರೆ 'ಸಾಕು, ಏಳು' ಎನ್ನಲು ತಾಯಿಗೆ ಬಾಯಿ ಬರುವುದಿಲ್ಲ. 'ಕೋಡಿಂಗ್ ಕಲೀಲಾಕತ್ತೀನವ್ವಾ' ಎಂಬ ಮಾತು ಅರ್ಧ ನಿಜವೂ ಹೌದು. ಉಳಿದರ್ಧ, ಅಂದರೆ ಆಟ, ಪಕ್ಕದ ಟ್ಯಾಬಿನಲ್ಲಿರುತ್ತದೆ.

ಮಕ್ಕಳ ಈ ಆಟಕ್ಕೆ ಮಿತಿ ಹಾಕಲು ಸರ್ಕಾರಗಳೂ ಕೈಹಾಕಿ ನೋಡಿವೆ. ಚೀನಾ 2021ರಲ್ಲಿ, ಹದಿನೆಂಟು ತುಂಬದವರ ಆನ್‌ಲೈನ್ ಆಟವನ್ನು ವಾರಾಂತ್ಯದ ಮೂರು ದಿನ ಮತ್ತು ಸರ್ಕಾರಿ ರಜೆಗಳಲ್ಲಿ ರಾತ್ರಿ 8ರಿಂದ 9ರ ಒಂದು ತಾಸಿಗೆ ಇಳಿಸಿತು. ದಕ್ಷಿಣ ಕೊರಿಯಾ 2011ರಲ್ಲಿ, ಹದಿನಾರರ ಒಳಗಿನವರಿಗೆ ನಡುರಾತ್ರಿಯಿಂದ ಬೆಳಿಗ್ಗೆ 6ರವರೆಗೆ ಆಟ ಬಂದ್ ಮಾಡಿತ್ತು. ಹತ್ತು ವರ್ಷದ ಮೇಲೆ ಅದನ್ನು ರದ್ದುಮಾಡಿ, ಹೊತ್ತು ಗೊತ್ತುಮಾಡುವ ಹೊಣೆಯನ್ನು ಮನೆಯವರಿಗೇ ಒಪ್ಪಿಸಿತು.

ಆ ಹೊಣೆ ನಿಭಾಯಿಸಲು ಕೆಲವು ಸಣ್ಣ ಸಂಗತಿ ತಿಳಿದಿರಬೇಕು. ಆನ್‌ಲೈನ್ ಪಂದ್ಯವನ್ನು ನಡುವೆ ನಿಲ್ಲಿಸಿಡಲು ಬರುವುದಿಲ್ಲ. ಒಂದೊಂದು ಅರ್ಧ ತಾಸಿನ ಮೇಲೂ ಹೋಗುತ್ತದೆ. ಅರ್ಧಕ್ಕೆ ಎದ್ದರೆ ಜೊತೆಗಾರರು ಬೈಯುತ್ತಾರೆ. 'ಈಗಲೇ ಆಫ್ ಮಾಡು' ಎಂದಾಗ ಹುಡುಗ ಸಿಡುಕುವುದು ಬರೀ ಹಠದಿಂದಲ್ಲ. 'ಇದು ಮುಗಿದ ಮೇಲೆ ಇನ್ನೊಂದು ಬೇಡ' ಎಂದು ನೋಡಿ, ಬಹಳಷ್ಟು ಜಗಳ ಅಲ್ಲೇ ತಪ್ಪುತ್ತದೆ. ಕಂಪ್ಯೂಟರು ಚಿಲಕ ಹಾಕುವ ಕೋಣೆಯಲ್ಲಿರದೆ ಎಲ್ಲರೂ ಓಡಾಡುವ ಪಡಸಾಲೆಯಲ್ಲಿರಲಿ. ವಿಂಡೋಸ್‌ನಲ್ಲಿ ಮಗನ ಹೆಸರಿಗೆ ಬೇರೆ ಖಾತೆ ಮಾಡಿ ಸಮಯದ ಮಿತಿ ಹಾಕಬಹುದು, ಹಾಕಲೂಬೇಕು. ಆದರೆ ಅವನಿಗೆ ಹೇಳಿ, ಅವನೆದುರಿಗೇ ಹಾಕಬೇಕು.

ನನ್ನ ಮನಸ್ಸಿನಲ್ಲಿ ನಿಂತಿರುವುದು ಮಾತ್ರ ನಮ್ಮ ಗಡಿಯಾಚೆಯ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾವ್. 2022ರಲ್ಲಿ ಆ ಹಳ್ಳಿಯವರು ಗುಡಿಯ ಮೇಲೆ ಸೈರನ್ ಕೂರಿಸಿದರು. ಸಂಜೆ 7ಕ್ಕೆ ಅದು ಕೂಗಿದರೆ 8.30ರವರೆಗೆ ಮನೆಮನೆಯಲ್ಲೂ ಟಿವಿ, ಮೊಬೈಲ್ ಬಂದ್. ಮಕ್ಕಳು ಪುಸ್ತಕ ಹಿಡಿಯುತ್ತಾರೆ. ದೊಡ್ಡವರ ಧಾರಾವಾಹಿಗೂ ವಿನಾಯಿತಿ ಇಲ್ಲ. ನಿಯಮ ಊರಿಗೆಲ್ಲ ಒಂದೇ ಆದದ್ದರಿಂದ 'ನನಗೊಬ್ಬನಿಗೇ ಯಾಕೆ' ಎನ್ನಲು ಯಾವ ಮಗುವಿಗೂ ಕಾರಣ ಉಳಿಯಲಿಲ್ಲ. ಅಪಾರ್ಟ್‌ಮೆಂಟಿನ ನಮಗೆ ಸೈರನ್ ಬೇಡ. ಇವತ್ತು ಊಟಕ್ಕೆ ಕೂತಾಗ ಮಗನನ್ನೇ ಕೇಳೋಣ: ಆಟಕ್ಕೆ ಯಾವ ಹೊತ್ತು, ಎಷ್ಟು ಹೊತ್ತು, ಆಮೇಲೆ ಅಪ್ಪನ ಮೊಬೈಲು ಎಲ್ಲಿರಬೇಕು?